ದೈತ್ಯನ ಪಾದದ ಕೆಳಗೆ ನಮ್ಮ ಮುಂಬಯಿ

ದೈತ್ಯ ಮೃಗಗಳ ಸಿನಿಮಾ ಎಂದರೆ ಮಕ್ಕಳಾಟ ಎನ್ನುವವರ ಜತೆ ನನಗೆ ಹಳೆಯ ಜಗಳವಿದೆ. ಇವತ್ತು ಅದನ್ನು ಇಲ್ಲಿ ವಿವರವಾಗಿಯೇ ಬರೆಯುತ್ತೇನೆ.

ಗಾಡ್ಜಿಲ್ಲಾ, ಕಿಂಗ್ ಕಾಂಗ್, ಮೋತ್ರಾ, ಗಮೇರಾ ಎಂಬ ಸಿನಿಮಾ ದೈತ್ಯರ ಹೆಸರು ಕಿವಿಗೆ ಬಿದ್ದರೆ ಮುಖ ಅರಳುವವರು ಮುಂಬಯಿ ಕನ್ನಡಿಗರಲ್ಲಿ ಕಡಿಮೆಯಿಲ್ಲ. ಬ್ಯಾಂಕಿನವರಿದ್ದಾರೆ, ಹೋಟೆಲಿನ ಗಲ್ಲಾದಲ್ಲಿ ಕೂರುವವರಿದ್ದಾರೆ, ಕಾಲೇಜಿನಲ್ಲಿ ಪಾಠ ಹೇಳುವವರಿದ್ದಾರೆ. ಡೊಂಬಿವಲಿಯ ಲೋಕಲ್ ರೈಲಿನಲ್ಲಿ ಒಂಟಿ ಕಾಲಿನಲ್ಲಿ ನಿಂತುಕೊಂಡೇ ಯಾವ ವರ್ಷದ ಗಾಡ್ಜಿಲ್ಲಾದ ನಡಿಗೆ ಸರಿಯಾಗಿತ್ತು ಎಂದು ಠಾಣೆಯವರೆಗೂ ವಾದ ಮಾಡುವ ಗೆಳೆಯರು ನನಗಿದ್ದಾರೆ. ಇವರು ಬುದ್ಧಿ ಬಲಿತವರೇ. ಒಂದು ಊರು ಕಣ್ಣೆದುರು ನೆಲಸಮವಾಗುವುದನ್ನು ನೋಡುವಾಗ ಎದೆಯೊಳಗೆ ಏನಾಗುತ್ತದೆ ಎಂದು ಅರಿತವರು. ನನ್ನ ಮಟ್ಟಿಗೆ ಇಂಥ ಸಿನಿಮಾದ ಜೀವ ಇರುವುದು ಮೃಗದ ಪಾದ ಬೀಳುವ ಜಾಗದಲ್ಲಿ. ಆ ಜಾಗ ಯಾರಿಗಾದರೂ ಪ್ರಿಯವಾಗಿರಬೇಕು. ಇಲ್ಲದಿದ್ದರೆ ಮೃಗ ಎಷ್ಟೇ ದೊಡ್ಡದಿದ್ದರೂ ಅದಕ್ಕೆ ತೂಕವಿಲ್ಲ.

1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬನ್ನು ಸಿಡಿಸಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯೊಂದರ ಮೇಲೆ ಬಿಳಿ ಬೂದಿ ಸುರಿಯಿತು. ಅದರಲ್ಲಿದ್ದ 23 ಮಂದಿಗೂ ವಿಕಿರಣ ತಗುಲಿತು. ದೋಣಿಯ ರೇಡಿಯೋ ನೋಡಿಕೊಳ್ಳುತ್ತಿದ್ದ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ಅದೇ ವರ್ಷದ ನವೆಂಬರ್ 3ರಂದು ಜಪಾನಿನ ತೊಹೊ ಚಿತ್ರಸಂಸ್ಥೆಯ ಮೊದಲ ಗಾಡ್ಜಿಲ್ಲಾ ತೆರೆಗೆ ಬಂತು. ಬಾಂಬ್ ಪರೀಕ್ಷೆಯಿಂದ ಕೆರಳಿ ಕಡಲಿನಿಂದ ಎದ್ದ ಮೃಗ ಟೋಕಿಯೋವನ್ನು ತುಳಿಯುವ ಕಥೆ. ಅದು ಶುರುವಾಗುವುದೇ ನಡುಕಡಲಿನಲ್ಲಿ ಕಣ್ಣು ಕುಕ್ಕುವ ಬೆಳಕು ಹೊಮ್ಮಿ ಹಡಗೊಂದು ಮುಳುಗುವುದರಿಂದ. ಆ ಬೆಳಕು ಯಾವುದೆಂದು ಅಂದಿನ ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿರ್ದೇಶಕ ಇಶಿರೋ ಹೋಂಡಾ ಸೈನಿಕರಾಗಿ ಚೀನಾದಲ್ಲಿ ಸೆರೆಯಲ್ಲಿದ್ದು, ಯುದ್ಧ ಮುಗಿದ ಮೇಲೆ ಮರಳುವ ದಾರಿಯಲ್ಲಿ ಹಿರೋಶಿಮಾವನ್ನು ಕಣ್ಣಾರೆ ಕಂಡವರು.

ಆ ಸಿನಿಮಾದಲ್ಲಿ ಉರಿಯುವ ಬೀದಿಯ ಬದಿಯಲ್ಲಿ ಒಬ್ಬ ತಾಯಿ ಮಕ್ಕಳನ್ನು ತಬ್ಬಿಕೊಂಡು ಕುಳಿತಿದ್ದಾಳೆ. ಇನ್ನು ಸ್ವಲ್ಪ ಹೊತ್ತು, ನಾವೂ ಅಪ್ಪನ ಬಳಿಗೆ ಹೋಗುತ್ತೇವೆ ಎಂದು ಅವರಿಗೆ ಹೇಳುತ್ತಾಳೆ. ಕೆಲವೇ ಕ್ಷಣಗಳ ದೃಶ್ಯ. ಯುದ್ಧ ಮುಗಿದು ಒಂಬತ್ತು ವರ್ಷವಾಗಿದ್ದ ಟೋಕಿಯೋದಲ್ಲಿ ಆ ಅಪ್ಪ ಎಲ್ಲಿಗೆ ಹೋಗಿರಬಹುದೆಂದು ಊಹಿಸಲು ಕಷ್ಟವಿಲ್ಲ. ಮರುದಿನ ಆಸ್ಪತ್ರೆಯ ನೆಲದ ತುಂಬ ಗಾಯಾಳುಗಳು. ಒಂದು ಮಗುವಿನ ಹತ್ತಿರ ವಿಕಿರಣ ಅಳೆಯುವ ಯಂತ್ರ ಹಿಡಿದರೆ ಅದು ಸದ್ದು ಮಾಡುತ್ತದೆ. ಇದನ್ನು ನೋಡಿದ ಮೇಲೂ ರಬ್ಬರ್ ಬೊಂಬೆಯ ಸಿನಿಮಾ ಎಂದು ತಳ್ಳಿಹಾಕುವವರಿಗೆ ನಾನು ಒಂದೇ ಮಾತು ಹೇಳುತ್ತೇನೆ: ದಯವಿಟ್ಟು ಇನ್ನೊಮ್ಮೆ ನೋಡಿ. 1956ರಲ್ಲಿ ಅಮೆರಿಕದವರು ಒಬ್ಬ ಅಮೆರಿಕನ್ ಪತ್ರಕರ್ತನ ಪಾತ್ರವನ್ನು ನಡುವೆ ಸೇರಿಸಿ, ಬಾಂಬಿನ ಮಾತನ್ನು ಬಹುಪಾಲು ಕತ್ತರಿಸಿ ಬಿಡುಗಡೆ ಮಾಡಿದ ಆವೃತ್ತಿಯೇ ಹೊರಗಿನ ಜಗತ್ತಿನ ಬಹುಪಾಲಿಗೆ ಮೊದಲು ತಲುಪಿತು. ಅರ್ಧ ತಪ್ಪುಕಲ್ಪನೆ ಅಲ್ಲಿಂದಲೇ ಹುಟ್ಟಿದ್ದು ಎಂದು ನನ್ನ ನಂಬಿಕೆ.

ರಬ್ಬರ್ ಬೊಂಬೆ ಎನ್ನುವಾಗಿನ ತಾತ್ಸಾರವೂ ನನಗೆ ನೋವುಂಟುಮಾಡುತ್ತದೆ. ಗಾಡ್ಜಿಲ್ಲಾದ ಆ ವೇಷದೊಳಗೆ ಹರುವೊ ನಕಾಜಿಮಾ ಎಂಬ ನಟ ಇದ್ದರು. ವೇಷದ ತೂಕ ಸುಮಾರು 100 ಕಿಲೋ. ಮೃಗದ ನಡಿಗೆ ಕಲಿಯಲು ಅವರು ಟೋಕಿಯೋದ ಉಯೆನೊ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳ ಹೆಜ್ಜೆಯನ್ನು ಗಮನಿಸಿದರು. ಸುಡುವ ದೀಪಗಳ ಕೆಳಗೆ ಬೆವರಿನಲ್ಲಿ ತೊಯ್ದು, ಕಣ್ಣಿಗೆ ಏನೂ ಸರಿಯಾಗಿ ಕಾಣದೆ, ಇಪ್ಪತ್ತೈದನೆಯ ಒಂದು ಪಾಲಿನ ಅಳತೆಯಲ್ಲಿ ಕಟ್ಟಿದ ಪುಟ್ಟ ಟೋಕಿಯೋದ ಮೇಲೆ ಕಾಲಿಟ್ಟರು. ತಂತ್ರಗಳ ಮುಖ್ಯಸ್ಥ ಐಜಿ ತ್ಸುಬುರಾಯಾ ಆ ದೃಶ್ಯಗಳನ್ನು ಹೆಚ್ಚಿನ ವೇಗದಲ್ಲಿ ಚಿತ್ರೀಕರಿಸಿದರು. ತೆರೆಯ ಮೇಲೆ ಅವು ನಿಧಾನವಾಗಿ ಚಲಿಸಿ, ಮೃಗಕ್ಕೆ ಭಾರ ಬಂತು. ಘರ್ಜನೆಗಾಗಿ ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ದೊಡ್ಡ ತಂತಿವಾದ್ಯವೊಂದರ ತಂತಿಗಳನ್ನು ಚರ್ಮದ ಕೈಗವಸಿನಿಂದ ಉಜ್ಜುವ ದಾರಿ ಹುಡುಕಿದರು. ಇಷ್ಟೊಂದು ಜನರ ಶ್ರದ್ಧೆಗೆ ಮನಸೋಲುವುದು ಬಾಲಿಶವಾದರೆ ಕಲೆಯನ್ನು ಮೆಚ್ಚುವುದೇ ಬಾಲಿಶ.

ಕರಾವಳಿಯ ಮೂಲದ ನಮ್ಮ ಜನರಿಗೆ ಇದನ್ನು ವಿವರಿಸಬೇಕಾಗಿ ಬರುವುದೇ ನನಗೆ ಆಶ್ಚರ್ಯ. ಮಳೆಗಾಲದಲ್ಲಿ ಯಕ್ಷಗಾನ ಕಲಾವಿದರು ಊರಿನಿಂದ ಮುಂಬಯಿಗೆ ಬರುತ್ತಾರೆ. 'ದೇವಿ ಮಹಾತ್ಮೆ' ಇದ್ದ ದಿನ ಜನ ನಿದ್ದೆಗೆಟ್ಟು ಕಾಯುವುದು ಯಾರಿಗಾಗಿ? ಮಹಿಷಾಸುರನಿಗಾಗಿ. ಅವನು ಬಣ್ಣ ಹಚ್ಚುವ ಚೌಕಿಯಿಂದ ನೇರವಾಗಿ ರಂಗಕ್ಕೆ ಬಂದು ನಿಲ್ಲುವವನಲ್ಲ. ಸಭೆಯ ಹಿಂದಿನಿಂದ, ಜನರ ನಡುವೆಯೇ, ಚೆಂಡೆಯ ಅಬ್ಬರದೊಂದಿಗೆ ಕೋಡು ಬೀಸುತ್ತ ಬರುತ್ತಾನೆ. ಊರಿನ ಬಯಲಿನಲ್ಲಾದರೆ ದೊಂದಿಯ ಬೆಂಕಿ, ಪಟಾಕಿಯ ಸದ್ದು. ಇಲ್ಲಿನ ಸಭಾಂಗಣದಲ್ಲಿ ಬೆಂಕಿಯಿಲ್ಲದಿದ್ದರೂ ಕೂಗು, ಶಿಳ್ಳೆಗೆ ಕೊರತೆಯಿಲ್ಲ. ಮಡಿಲಲ್ಲಿ ಮಲಗಿದ ಮೊಮ್ಮಗನನ್ನು ಅಜ್ಜಿ ಅಲುಗಿಸಿ, ಏಳು ಮಗಾ, ಮಹಿಷಾಸುರ ಬಂದ ಎಂದು ಎಬ್ಬಿಸುತ್ತಾಳೆ. ಬಣ್ಣದ ವೇಷಧಾರಿಗಳು ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿ ಇಡಲು ಗಂಟೆಗಟ್ಟಲೆ ಕೂರುತ್ತಾರೆ, ಹೊರಲಾರದ ಭಾರ ಹೊತ್ತು ಕುಣಿಯುತ್ತಾರೆ. ಅವರನ್ನು ನಾವು ಸನ್ಮಾನಿಸಿ ಶಾಲು ಹೊದಿಸುತ್ತೇವೆ, ಹೊದಿಸಬೇಕಾದದ್ದೇ. ಹಾಗಿರುವಾಗ ಅದೇ ಮೊಮ್ಮಗ ದೊಡ್ಡವನಾಗಿ ತನ್ನ ಕೋಣೆಯಲ್ಲಿ ಗಾಡ್ಜಿಲ್ಲಾದ ಚಿತ್ರ ಅಂಟಿಸಿಕೊಂಡರೆ ತಲೆ ಕೆಟ್ಟಿದೆ ಎನ್ನುವುದು ಯಾವ ನ್ಯಾಯ?

ದೈತ್ಯ ಬಿದ್ದಾಗ ಅಳುವುದೂ ನಮಗೆ ಹೊಸದಲ್ಲ. ಕರ್ಣನ ಶಕ್ತ್ಯಾಯುಧ ತಗುಲಿದ ಘಟೋತ್ಕಚ ಸಾಯುವ ಹೊತ್ತಿನಲ್ಲಿ ದೇಹವನ್ನು ಬೆಳೆಸಿಕೊಂಡು ಕೌರವ ಸೇನೆಯ ಮೇಲೆ ಬೀಳುತ್ತಾನೆ. ಒಂದು ಅಕ್ಷೌಹಿಣಿ ಸೇನೆ ಅವನಡಿಯಲ್ಲಿ ನಾಶವಾಗುತ್ತದೆ. ಕೃಷ್ಣ ನಲಿಯುತ್ತಾನೆ, ಪಾಂಡವರು ಅಳುತ್ತಾರೆ. ಆ ಭಾಗ ಕೇಳುವಾಗ ನಾನು ಯಾವಾಗಲೂ ಅಳುವವರ ಕಡೆ. ಮೊದಲ ಗಾಡ್ಜಿಲ್ಲಾದ ಕೊನೆಯಲ್ಲಿ ಎಲ್ಲರೂ ಗೆಲುವಿನ ಸಂತಸದಲ್ಲಿರುವಾಗ ಮುದುಕ ವಿಜ್ಞಾನಿ ಯಮಾನೆ ಮಾತ್ರ ಮಂಕಾಗಿರುತ್ತಾರೆ. 1933ರ ಸಿನಿಮಾದಲ್ಲಿ ದೈತ್ಯ ವಾನರ ಕಿಂಗ್ ಕಾಂಗ್ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದಿಂದ ಬಿದ್ದಾಗಲೂ ಅಷ್ಟೇ. ಒಂದೂವರೆ ಅಡಿಯ ಬೊಂಬೆಗೆ ಮೊಲದ ತುಪ್ಪಳ ಹೊದಿಸಿ ಇಂಚಿಂಚು ಸರಿಸಿ ತೆಗೆದ ದೃಶ್ಯಗಳವು. ಕಲಾವಿದರ ಬೆರಳು ತಾಗಿದ ಕಡೆಯೆಲ್ಲ ಆ ತುಪ್ಪಳ ತೆರೆಯ ಮೇಲೆ ಅಲುಗುತ್ತದೆ. ಮೃಗ ಉಸಿರಾಡುತ್ತಿರುವಂತೆ ಕಾಣುತ್ತದೆ.

ಅಭಿಮಾನಿಗಳು ಎತ್ತರದ ಲೆಕ್ಕ ಹಾಕುವುದನ್ನು ಕಂಡು ನಗುವವರಿದ್ದಾರೆ. ಆ ಲೆಕ್ಕವೂ ಊರಿನ ಲೆಕ್ಕವೇ. 1954ರ ಗಾಡ್ಜಿಲ್ಲಾ 50 ಮೀಟರ್. ಅಂದಿನ ಟೋಕಿಯೋದ ಕಟ್ಟಡಗಳ ಮೇಲಿಂದ ತಲೆ ಕಾಣಲು ಅಷ್ಟು ಸಾಕಾಗಿತ್ತು. ಗಗನಚುಂಬಿಗಳು ಎದ್ದ ಮೇಲೆ 1984ರಲ್ಲಿ ಅದನ್ನು 80 ಮೀಟರಿಗೆ ಏರಿಸಿದರು, 2016ರ ಹೊತ್ತಿಗೆ ಅದು 118.5 ಮೀಟರ್ ಆಯಿತು. ಈಗ ನಮ್ಮ ಊರಿಗೆ ಬನ್ನಿ. ಆ ಮೊದಲ ಮೃಗ ಗೇಟ್‌ವೇ ಆಫ್ ಇಂಡಿಯಾದ ಪಕ್ಕ ನಿಂತರೆ ಅದರ ಸುಮಾರು ಎರಡರಷ್ಟು ಎತ್ತರ. ರಾಜಾಬಾಯಿ ಗಡಿಯಾರ ಗೋಪುರದ ಮುಂದೆ ಅದು ಗಿಡ್ಡ. ಗೋಪುರ ಸುಮಾರು 85 ಮೀಟರ್ ಇದೆ. 2016ರ ಮೃಗ ಲೋವರ್ ಪರೇಲಿಗೆ ಬಂದರೆ? ಗಿರಣಿಗಳಿದ್ದ ನೆಲದ ಮೇಲೆ ಎದ್ದಿರುವ 280 ಮೀಟರಿನ ವಸತಿ ಗೋಪುರದ ಅರ್ಧಕ್ಕೂ ಅದು ಬಾರದು. ಒಂದು ಕಾಲಕ್ಕೆ ಸಾವಿರಾರು ಕಾರ್ಮಿಕರು ಪಾಳಿ ಮುಗಿಸಿ ಹೊರಬರುತ್ತಿದ್ದ ಜಾಗದಲ್ಲಿ ಗಾಡ್ಜಿಲ್ಲಾವನ್ನೇ ಕುಳ್ಳಾಗಿಸುವ ಗೋಪುರಗಳಿವೆ ಎನ್ನುವುದು ಈ ಲೆಕ್ಕ ಹಾಕಿದಾಗಲೇ ನನಗೆ ಮನಸ್ಸಿಗೆ ತಟ್ಟಿದ್ದು.

2021ರಲ್ಲಿ ಗಾಡ್ಜಿಲ್ಲಾ ಮತ್ತು ಕಾಂಗ್ ಹಾಂಗ್‌ಕಾಂಗ್‌ನಲ್ಲಿ ಹೊಡೆದಾಡಿದ ಸಿನಿಮಾ ನನಗೆ ರುಚಿಸಲಿಲ್ಲ. ಬಣ್ಣದ ದೀಪಗಳ ಗೋಪುರಗಳು ಸಾಲಾಗಿ ಉರುಳಿದವು, ಒಳಗಿದ್ದವರು ಯಾರೆಂದು ಯಾರೂ ಕೇಳಲಿಲ್ಲ. 2023ರ ಜಪಾನಿ ಗಾಡ್ಜಿಲ್ಲಾದಲ್ಲಿ ನಿರ್ದೇಶಕ ತಕಾಶಿ ಯಮಝಾಕಿ ಮತ್ತೆ ಯುದ್ಧದಲ್ಲಿ ಸುಟ್ಟುಹೋದ ಊರಿಗೆ, ತಗಡಿನ ಗುಡಿಸಲು ಕಟ್ಟಿಕೊಳ್ಳುತ್ತಿರುವ ಜನರ ನಡುವೆಗೆ ಕಥೆಯನ್ನು ತಂದರು. ಆ ಗುಡಿಸಲು ಮನೆಯಾಗುವುದನ್ನು ನಾವು ಕಂಡಿರುತ್ತೇವೆ, ಆಮೇಲೆ ಮೃಗ ಬರುತ್ತದೆ. ಸುಮಾರು 35 ಕಲಾವಿದರ ತಂಡ ಮಾಡಿದ ಕೆಲಸಕ್ಕೆ 2024ರಲ್ಲಿ ದೃಶ್ಯ ಪರಿಣಾಮಗಳ ಆಸ್ಕರ್ ಬಂತು. ಹಣ ಸುರಿಯುವುದೊಂದೇ ದಾರಿ ಎನ್ನುವವರು ಇದನ್ನು ಗಮನಿಸಲಿ.

ಹಾಗಾದರೆ ನಮ್ಮ ಊರಿಗೇಕೆ ಅಂಥ ಮೃಗವಿಲ್ಲ? ಏಳು ದ್ವೀಪಗಳ ನಡುವಿನ ಕಡಲನ್ನು ಮಣ್ಣು ತುಂಬಿ ಮುಚ್ಚಿ ಕಟ್ಟಿದ ನಗರವಿದು. ಕಡಲಿನಿಂದ ಏನಾದರೂ ಎದ್ದು ಬಂದು ತನ್ನ ಜಾಗ ಕೇಳುವುದಿದ್ದರೆ ಮೊದಲು ಇಲ್ಲಿಗೇ ಬರಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು, ಮೀಠಿ ನದಿ ಉಕ್ಕಿತು. ಅಂದು ಕುರ್ಲಾದಲ್ಲಿ ಎದೆಮಟ್ಟದ ಕಪ್ಪು ನೀರಿನಲ್ಲಿ, ಮುಂದೆ ಹೋಗುತ್ತಿದ್ದ ಅಪರಿಚಿತರ ಹೆಗಲು ಹಿಡಿದು ನಡೆದವನು ನಾನು. ಕೆಳಗೆ ರಸ್ತೆಯಿದೆಯೋ ತೆರೆದ ಗಟಾರವಿದೆಯೋ ಗೊತ್ತಿರಲಿಲ್ಲ. ಮನುಷ್ಯನನ್ನು ಲೆಕ್ಕಕ್ಕೇ ಇಡದ ಒಂದು ದೊಡ್ಡ ವಸ್ತು ಊರಿನೊಳಗೆ ನಡೆದು ಹೋದದ್ದನ್ನು ಅಂದು ಲಕ್ಷಾಂತರ ಜನ ಅನುಭವಿಸಿದರು. ಜಪಾನಿನವರು ಬಿಕಿನಿಯ ಬೂದಿಗೆ ಎಂಟು ತಿಂಗಳಲ್ಲಿ ಒಂದು ದೇಹ ಕೊಟ್ಟರು. ನಮ್ಮ ಜುಲೈ 26ಕ್ಕೆ ಅಂಥ ದೇಹವನ್ನು ನಾನು ಇನ್ನೂ ತೆರೆಯ ಮೇಲೆ ಕಂಡಿಲ್ಲ.

ಆದರೆ ಮುಂಬಯಿಯ ಮೇಲೆ ದೈತ್ಯ ಕಾಲಿಟ್ಟೇ ಇಲ್ಲ ಎಂದಲ್ಲ. 1966ರಲ್ಲಿ 'ಗೊಗೋಲಾ' ಎಂಬ ಹಿಂದಿ ಸಿನಿಮಾ ಬಂದಿತ್ತು. ಕಡಲಿನಿಂದ ಎದ್ದ ದೈತ್ಯ ಮೃಗ ಬೊಂಬಾಯಿಯ ಮೇಲೆ ಎರಗುವ ಕಥೆ. ಮುಂದೆ ದೂರದರ್ಶನದ 'ಫೂಲ್ ಖಿಲೇ ಹೈಂ ಗುಲ್ಶನ್ ಗುಲ್ಶನ್' ಕಾರ್ಯಕ್ರಮದಿಂದ ಮನೆಮಾತಾದ ತಬಸ್ಸುಮ್ ಅದರಲ್ಲಿ ನಟಿಸಿದ್ದರು. ಹಾಡುಗಳು ಉಳಿದಿವೆ, ಸಿನಿಮಾ ನೋಡಲು ಸಿಗುವುದಿಲ್ಲ. ನಮ್ಮ ಊರಿನ ಯಾವ ಬೀದಿಯ ಮೇಲೆ ಅದರ ಪಾದ ಬಿತ್ತು, ಯಾವ ಕಟ್ಟಡ ಮೊದಲು ಕುಸಿಯಿತು ಎಂದು ನೋಡುವ ಭಾಗ್ಯ ನಮಗಿಲ್ಲದಾಯಿತು. ಜಪಾನಿನಲ್ಲಿ ಟೋಕಿಯೋದ ಶಿಂಜುಕು ಪಟ್ಟಣಭಾಗ 2015ರಲ್ಲಿ ಗಾಡ್ಜಿಲ್ಲಾಕ್ಕೆ ನಿವಾಸಿಯ ಗೌರವ ಕೊಟ್ಟಿದೆ, ಅಲ್ಲಿನ ಕಟ್ಟಡವೊಂದರ ಮೇಲೆ ಅದರ ತಲೆಯನ್ನೂ ಕೂರಿಸಲಾಗಿದೆ. ನಾವು ನಮ್ಮ ಮೃಗದ ರೀಲುಗಳನ್ನೂ ಉಳಿಸಿಕೊಳ್ಳಲಿಲ್ಲ. ಇದು ನನಗೆ ನಿಜವಾಗಿಯೂ ಸಂಕಟದ ವಿಷಯ.

ಅದಕ್ಕೇ ಒಂದು ಕೋರಿಕೆ. ಅರವತ್ತರ ದಶಕದಲ್ಲಿ ನಮ್ಮ ಹಿರಿಯರಲ್ಲಿ ಎಷ್ಟೋ ಜನ ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ, ರಜೆ ಸಿಕ್ಕ ದಿನ ಟಾಕೀಸಿಗೆ ಹೋಗುತ್ತಿದ್ದರು. ಅವರಲ್ಲಿ ಯಾರಾದರೂ 'ಗೊಗೋಲಾ' ನೋಡಿರಲೇಬೇಕು. ನಿಮ್ಮ ಮನೆಯ ಅಜ್ಜ, ದೊಡ್ಡಪ್ಪ, ಮಾವ ಯಾರನ್ನಾದರೂ ಕೇಳಿ. ಮೃಗ ಹೇಗಿತ್ತು, ಅದು ಎಲ್ಲಿ ದಡ ಹತ್ತಿತು, ಟಾಕೀಸಿನಲ್ಲಿ ಜನ ಕಿರುಚಿದರೇ ಅಥವಾ ಅತ್ತರೇ, ಅವರಿಗೆ ನೆನಪಿರುವುದನ್ನೆಲ್ಲ ಅವರ ಮಾತಿನಲ್ಲೇ ಬರೆದುಕೊಂಡು ಇಲ್ಲಿ ಕೆಳಗೆ ಹಾಕಿ. ಹಾಡಿನ ಪುಸ್ತಕವೋ ಹಳೆಯ ಪೋಸ್ಟರೋ ಮನೆಯ ಟ್ರಂಕಿನಲ್ಲಿದ್ದರೆ ಫೋಟೋ ತೆಗೆದು ಕಳುಹಿಸಿ, ರದ್ದಿಗೆ ಮಾತ್ರ ಹಾಕಬೇಡಿ.