ಬೆಟ್ಟದ ಊರಿನ ಗೆಳೆತನ ಹುಬ್ಬಳ್ಳಿಯಿಂದಲೇ ಶುರು ಮಾಡಿ

ಹೆಗಲಿಗೆ ಬ್ಯಾಗ್ ಹಾಕಿಕೊಂಡು ಹಿಮಾಚಲಕ್ಕೆ ಹೊರಡುವವರು ಈಗ ಹುಬ್ಬಳ್ಳಿ-ಧಾರವಾಡದಲ್ಲೂ ಜಾಸ್ತಿ ಆಗಿದ್ದಾರೆ. ನನಗೆ ಇದು ತುಂಬಾ ಖುಷಿಯ ವಿಷಯ. ಅವರಲ್ಲಿ ಬಹಳ ಜನ ನನ್ನನ್ನು ಕೇಳುತ್ತಾರೆ, ಅಲ್ಲಿಯ ಜನರ ಜೊತೆ ಗೆಳೆತನ ಹೇಗೆ ಆಗುತ್ತೆ ಅಂತ. ಮೊದಲು ಬಾಡಿಗೆ ಕಾರು ಬಿಟ್ಟು ಸರ್ಕಾರಿ ಬಸ್ ಹತ್ತಿ ಅಂತೀನಿ ನಾನು. ಆಮೇಲೆ ಒಂದೇ ಊರಲ್ಲಿ ನಾಲ್ಕಾರು ದಿನ ಇದ್ದುಬಿಡಿ.

ಕಿನ್ನೌರ್ ಜಿಲ್ಲೆಯ ರೆಕಾಂಗ್ ಪಿಯೋದಿಂದ ಸ್ಪಿತಿ ಕಣಿವೆಯ ಕಾಜಾಕ್ಕೆ ಬೆಳಗ್ಗೆ ಬಸ್ ಹೊರಡುತ್ತದೆ. ದಾರಿ ಸುಮಾರು 200 ಕಿ.ಮೀ. ಅಷ್ಟೇ, ಆದರೆ ಇಡೀ ದಿನ ಹಿಡಿಯುತ್ತದೆ. ಮೊದಲು ಸಟ್ಲೆಜ್ ನದಿ, ಆಮೇಲೆ ಸ್ಪಿತಿ ನದಿ ಜೊತೆಗೇ ಬರುತ್ತವೆ. ಎಲ್ಲೋ ಗುಡ್ಡ ಕುಸಿದಿದ್ದರೆ ಜೆಸಿಬಿ ಬರುವ ತನಕ ಎಲ್ಲರೂ ಇಳಿದು ಕಲ್ಲಿನ ಮೇಲೆ ಕೂರಬೇಕು. ನಾನು ಹಾಗೆ ಕೂತಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದೆ. ಪಕ್ಕದ ಅಜ್ಜಿ ಒಂದು ತುಂಡು ತಿಂದು ನೋಡಿ, ತಮ್ಮ ಚೀಲದಿಂದ ಒಣ ಜರ್ದಾಳು ತೆಗೆದು ನನ್ನ ಕೈಗೆ ಹಾಕಿದರು. ಅವರ ಹಿಂದಿ ನನಗೆ ಪೂರ್ತಿ ತಿಳಿಯಲಿಲ್ಲ, ನನ್ನದು ಅವರಿಗೂ ಅಷ್ಟೇ. ಆದರೂ ರಸ್ತೆ ತೆರೆಯುವ ಹೊತ್ತಿಗೆ ಅವರ ಮೊಮ್ಮಕ್ಕಳೆಲ್ಲ ಏನೇನು ಓದುತ್ತಿದ್ದಾರೆ ಅನ್ನೋದು ನನಗೆ ಗೊತ್ತಾಗಿತ್ತು.

ಸ್ಪಿತಿಯ ತಾಬೋ ಊರಲ್ಲಿ 996ರಲ್ಲಿ ಕಟ್ಟಿದ ಮಣ್ಣಿನ ಬೌದ್ಧ ಮಠ ಇದೆ. ಹೆಚ್ಚಿನವರು ಒಂದು ಗಂಟೆ ನೋಡಿ, ಫೋಟೊ ತೆಗೆದು ಹೊರಟುಬಿಡುತ್ತಾರೆ. ನನಗೆ ಆ ಊರು ಮೈಗೆ ಹತ್ತಿದ್ದು ಅಲ್ಲೇ ಉಳಿದಿದ್ದರಿಂದ. ಸ್ಪಿತಿಯಲ್ಲಿ ಮಳೆ ತೀರಾ ಕಮ್ಮಿ. ಹಿಮ ಕರಗಿದ ನೀರು ಕೂಲ್ ಅನ್ನುವ ಸಣ್ಣ ಕಾಲುವೆಗಳಲ್ಲಿ ಹೊಲಕ್ಕೆ ಬರುತ್ತದೆ, ಅದೂ ಪಾಳಿ ಪ್ರಕಾರ. ಆ ನೀರಿನಲ್ಲೇ ಹಸಿ ಬಟಾಣಿ ಬೆಳೆದು ಮಾರುತ್ತಾರೆ. ನಾನಿದ್ದ ಮನೆಯ ಅಕ್ಕ ಒಂದು ಸಂಜೆ ತಮ್ಮ ಪಾಳಿಯ ಚಿಂತೆ ಹೇಳುತ್ತಿದ್ದರು. ನಮ್ಮ ಓಣಿಯಲ್ಲೂ ನಳಕ್ಕೆ ವಾರಕ್ಕೊಮ್ಮೆ ನೀರು ಬರುತ್ತದೆ, ಬಂದ ದಿನ ಎಲ್ಲ ಕೆಲಸ ಬಿಟ್ಟು ಮನೆಯಲ್ಲಿ ಕಾಯುತ್ತೇವೆ ಅಂದೆ. ಅವರಿಗೆ ನಂಬೋಕೇ ಆಗಲಿಲ್ಲ. ಅಷ್ಟು ದೊಡ್ಡ ಊರಲ್ಲೂ ಹೀಗಾ ಅಂತ ಕೇಳಿದರು. ಡ್ರಮ್ ಎಷ್ಟು, ಟಾಕಿ ಎಷ್ಟು, ಮುಚ್ಚಿ ಇಡ್ತೀರಾ, ಎಲ್ಲ ವಿಚಾರಿಸಿದರು. ಮರುದಿನದಿಂದ ನನ್ನ ಊಟ ಅಡುಗೆಮನೆಯಲ್ಲೇ, ಒಲೆಯ ಪಕ್ಕ. ನಮ್ಮ ಕಷ್ಟವನ್ನೂ ಹೇಳಿಕೊಂಡರೆ ಮಾತ್ರ ಅವರದ್ದನ್ನು ಕೇಳುವ ಹಕ್ಕು ನಮಗೆ ಬರುತ್ತದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನು, ನಾನು ಇಷ್ಟು ಬರೆಯಲು ಕೂತಿರುವ ನಿಜವಾದ ಕಾರಣ. ಕಾಜಾದ ಚಹಾದಂಗಡಿಯಲ್ಲಿ ಒಬ್ಬ ಯುವ ಲಾಮಾ ಯಾವ ಊರು ಅಂತ ಕೇಳಿದರು. ಹುಬ್ಬಳ್ಳಿ ಅಂದೆ. ಮುಖ ಅರಳಿತು. ಅವರು ಓದಿದ್ದು ಮುಂಡಗೋಡದಲ್ಲಿ! ರೈಲಿಗೆ ಹುಬ್ಬಳ್ಳಿಗೇ ಬರುತ್ತಿದ್ದರಂತೆ. ಮಿರ್ಚಿ-ಗಿರ್ಮಿಟ್ ನೆನೆಸಿಕೊಂಡರು. ‘ಆದರೆ ಸ್ಟೇಷನ್ನಿನಲ್ಲಿ ಯಾರೂ ನಮ್ಮನ್ನು ಮಾತಾಡಿಸುತ್ತಿರಲಿಲ್ಲ’ ಅಂದರು. ಬೇಜಾರಿನಿಂದ ಹೇಳಲಿಲ್ಲ, ಸುಮ್ನೆ ಹೇಳಿದರು. ನನಗೆ ಮಾತ್ರ ಅದು ಚುಚ್ಚಿತು.

ಯೋಚನೆ ಮಾಡಿ. ಹುಬ್ಬಳ್ಳಿಯಿಂದ ಸುಮಾರು 50 ಕಿ.ಮೀ. ದೂರದ ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ವಸತಿ ಇದೆ. ಟಿಬೆಟ್‌ನಲ್ಲಿ 15ನೇ ಶತಮಾನದ ಆರಂಭದಲ್ಲಿ ಶುರುವಾದ ಗಾಂದೆನ್, ದ್ರೆಪುಂಗ್ ಮಹಾಮಠಗಳು ಮತ್ತೆ ತಲೆ ಎತ್ತಿದ್ದು ಇಲ್ಲೇ. ಲಡಾಖ್, ಸ್ಪಿತಿ, ಕಿನ್ನೌರ್‌ನ ಹುಡುಗರು ಓದಲು ಇಲ್ಲಿಗೆ ಬರುತ್ತಾರೆ. ನಾವು ರಜೆ ಹಾಕಿ, ದುಡ್ಡು ಕೂಡಿಸಿ ಯಾವ ಊರಿಗೆ ಹೋಗುತ್ತೇವೋ ಆ ಊರಿನ ಮಕ್ಕಳು ನಮ್ಮ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಮೇಲೆ ರೈಲಿಗೆ ಕಾಯುತ್ತಾ ನಿಂತಿರುತ್ತಾರೆ. ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಅಂತ ಹೆಮ್ಮೆ ಪಡುತ್ತೇವೆ, ಅಲ್ವಾ? ಅದರ ಮೇಲೆ ನಿಂತವರಿಗೆ ‘ಎಲ್ಲಿಗೆ ಹೊರಟಿರಿ’ ಅಂತ ಕೇಳೋಕೂ ಆಗಬೇಕು.

ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವವರೂ ಈ ಟಿಬೆಟನ್ನರೇ. ಅವರನ್ನು ‘ಚೀನಾದವರು’ ಅನ್ನೋದನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಚೀನಾದ ಆಳ್ವಿಕೆ ತಾಳಲಾರದೆ 1959ರ ನಂತರ ಊರು-ಮನೆ ಬಿಟ್ಟು ಬಂದವರ ಮಕ್ಕಳು, ಮೊಮ್ಮಕ್ಕಳು ಅವರು. ಎಷ್ಟೋ ಜನ ಹುಟ್ಟಿದ್ದೇ ಮುಂಡಗೋಡದಲ್ಲಿ. ಕನ್ನಡದಲ್ಲಿ ಮಾತಾಡಿಸಿ ನೋಡಿ, ಕನ್ನಡದಲ್ಲೇ ಉತ್ತರ ಬರುತ್ತದೆ.

ಹಾಗಾಗಿ ಸ್ಪಿತಿಗೋ ಲಡಾಖ್‌ಗೋ ಹೊರಡುವ ಗೆಳೆಯರಿಗೆ ಒಂದು ಮಾತು. ಹೋಗುವ ಮೊದಲು ಒಂದು ರವಿವಾರ ಮುಂಡಗೋಡದ ಕ್ಯಾಂಪಿಗೆ ಹೋಗಿ ಬನ್ನಿ. ವಿದೇಶಿಯರು ಅಲ್ಲಿ ಉಳಿಯಲು ಪರ್ಮಿಟ್ ಬೇಕು, ನಮಗೆ ಬೇಡ. ಮಠ ನೋಡಿ, ಮೊಮೊ ತಿನ್ನಿ, ಆದರೆ ಅಷ್ಟಕ್ಕೇ ವಾಪಸ್ ಬರಬೇಡಿ. ಅಲ್ಲಿಯ ಹಿರಿಯರು ಕಾಡು ಕಡಿದು ಹೊಲ ಮಾಡಿದವರು. ಗೋವಿನಜೋಳಕ್ಕೆ ಈ ಸಲ ರೇಟ್ ಹೇಗಿದೆ ಅಂತ ಕೇಳಿ ಸಾಕು, ಮಾತು ತಾನಾಗೇ ಬೆಳೆಯುತ್ತದೆ. ಲಾಮಾಗಳ ಹತ್ತಿರ ನೀವು ಹೋಗುವ ಊರಿನ ಹೆಸರು ಹೇಳಿ. ಯಾರದೋ ಅಣ್ಣ, ಯಾರದೋ ಚಿಕ್ಕಮ್ಮ ಅಲ್ಲಿ ಇದ್ದೇ ಇರುತ್ತಾರೆ. ಅವರ ಮನೆಗೆ ಏನಾದರೂ ಕಳಿಸೋದಿದ್ದರೆ ನಿಮ್ಮ ಬ್ಯಾಗಿನಲ್ಲಿ ಜಾಗ ಇಟ್ಟುಕೊಂಡು ಹೋಗಿ.