ಮೀಸೆ ಮಣ್ಣಾಗಲಿಲ್ಲ, ಉಪ್ಪುನೀರಾಯಿತು

ಮುಖಕ್ಕೆ ಮಾಸ್ಕ್ ಹಾಕಿ, ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿ, ಕಡಲಲ್ಲಿ ಮುಖ ಕೆಳಗಾಗಿ ತೇಲುತ್ತಾ ಮೀನು ನೋಡುವ ಆಟವೇ ಸ್ನಾರ್ಕೆಲಿಂಗ್. ಅದರ ಕರಪತ್ರದ ಹುಡುಗಿಯ ಮಾಸ್ಕಿನೊಳಗೆ ಒಂದು ಹನಿ ನೀರೂ ಇರುವುದಿಲ್ಲ. ಅವಳ ಕೂದಲು ಮಾಸ್ಕಿನ ಪಟ್ಟಿಗೆ ಸಿಕ್ಕಿಕೊಂಡಿರುವುದಿಲ್ಲ. ಅವಳ ಹಿಂದೆ ದೋಣಿಯ ಕಟಾಂಜನ ಹಿಡಿದು ಯಾರೂ ವಾಂತಿ ಮಾಡುತ್ತಿರುವುದಿಲ್ಲ. ಪಕ್ಕದಲ್ಲಿರುವ ಹಳದಿ ಮೀನು ಕೂಡ ಹೇಳಿಸಿಕೊಂಡು ನಿಂತ ಹಾಗೆ ಕ್ಯಾಮೆರಾ ಕಡೆಗೇ ನೋಡುತ್ತಿರುತ್ತದೆ. ಹೋಟೆಲಿನ ಕೌಂಟರಿನ ಮೇಲಿದ್ದ ಆ ಕರಪತ್ರವನ್ನು ಭಾವ ನನ್ನ ಮುಖದ ಮುಂದೆ ಹಿಡಿದು, "ಅರ್ಧ ದಿನ ಅಷ್ಟೇ ಭಾವ. ಮಧ್ಯಾಹ್ನ ಊಟದ ಹೊತ್ತಿಗೆ ವಾಪಸ್ಸು" ಎಂದರು. ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ರಜೆಗೆಂದು ಹೋದ ಕಡೆ ಮರಳಿನ ಮೇಲೆ ಸುಮ್ಮನೆ ಕಾಲು ಚಾಚಿ ಕೂರುವುದು ಅವರ ಜಾತಕದಲ್ಲೇ ಇಲ್ಲ. ಬೇರೆಯವರು ಕೂತರೂ ಸಹಿಸುವುದಿಲ್ಲ.

ಅರ್ಧ ದಿನ ಎನ್ನುವುದಕ್ಕೆ ದೋಣಿಯವರ ಲೆಕ್ಕವೇ ಬೇರೆ. ಹೆಸರು ಬರೆಸಲು ಒಂದು ಸಾಲು, ಕಾಲಿಗೆ ತೊಡುವ ರಬ್ಬರಿನ ರೆಕ್ಕೆ, ಅಂದರೆ ಫಿನ್, ಅದರ ಅಳತೆಗೆ ಇನ್ನೊಂದು ಸಾಲು, ಲೈಫ್ ಜಾಕೆಟ್ಟಿಗೆ ಮತ್ತೊಂದು. ನಡುವೆ ಒಂದು ಕಾಗದಕ್ಕೆ ಸಹಿ. ಸಮುದ್ರದಲ್ಲಿ ನನಗೇನಾದರೂ ಆದರೆ ಅದಕ್ಕೆ ನಾನೇ ಹೊಣೆ, ನನ್ನ ವಾರಸುದಾರರು ತಕರಾರು ಎತ್ತುವ ಹಾಗಿಲ್ಲ ಎಂದು ಅದರಲ್ಲಿತ್ತು. ಹೆಂಡತಿ ಮೊದಲಿಂದ ಕೊನೆಯವರೆಗೂ ಓದಿ, "ವಾರಸುದಾರರು ಅಂದ್ರೆ ನಾನೇ ಅಲ್ವಾ? ಪರವಾಗಿಲ್ಲ, ಹಾಕಿ" ಎಂದಳು. ಹೋಗುವುದಕ್ಕೆ ಒಂದು ಗಂಟೆ, ಬರುವುದಕ್ಕೆ ಒಂದು ಗಂಟೆ. ಇದೆಲ್ಲ ಕಳೆದು ನೀರಿಗೆಂದು ಮಿಕ್ಕುವುದು ಮುಕ್ಕಾಲು ಗಂಟೆ.

ದೋಣಿ ಹತ್ತುವಾಗಲೇ ಗೈಡ್ ನಮ್ಮ ಸನ್‌ಸ್ಕ್ರೀನ್ ಟ್ಯೂಬಿನ ಹಿಂದಿದ್ದ ಸಣ್ಣಕ್ಷರ ಓದಿ ಅದನ್ನು ಜಪ್ತಿ ಮಾಡಿದ. ಅದರಲ್ಲಿದ್ದ ಆಕ್ಸಿಬೆನ್ಜೋನ್ ಎಂಬ ರಾಸಾಯನಿಕ ಹವಳಕ್ಕೆ ಒಳ್ಳೆಯದಲ್ಲವಂತೆ. ಹವಾಯಿಯಲ್ಲಿ 2021ರಿಂದ ಇಂಥದ್ದನ್ನು ಅಂಗಡಿಯಲ್ಲಿ ಮಾರುವ ಹಾಗೂ ಇಲ್ಲ. "ತುಂಬು ತೋಳಿನ ಟೀ ಶರ್ಟ್ ಇದೆಯಲ್ಲ ಸಾರ್, ಸಾಕು" ಎಂದ. ಇದ್ದದ್ದು ನಿಜ. ಆದರೆ ಟೀ ಶರ್ಟು ಎಷ್ಟೇ ತುಂಬು ತೋಳಿನದಾದರೂ ಮೊಣಕಾಲಿನ ಹಿಂಭಾಗವನ್ನು ಮುಚ್ಚುವುದಿಲ್ಲ ಎಂಬ ವಿಚಾರ ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ.

ಬಂದರಿನ ತಡೆಗೋಡೆ ದಾಟುವ ತನಕ ದೋಣಿ ಸಭ್ಯವಾಗಿತ್ತು. ದಾಟಿದ ಮೇಲೆ ಅದಕ್ಕೆ ಎಲ್ಲಿತ್ತೋ ಉತ್ಸಾಹ. ಕಡಲ ಸಂಕಟಕ್ಕೆ ಕಾರಣ ಹೊಟ್ಟೆ ಅಲ್ಲ. ಒಳಕಿವಿ "ತೂಗಾಡ್ತಿದ್ದೀವಿ" ಎಂದು ದೂರು ಕೊಡುತ್ತದೆ. ಕಾಲ ಬಳಿಯ ಹಲಗೆಯನ್ನೇ ನೋಡುತ್ತಿರುವ ಕಣ್ಣು "ಎಲ್ಲಿ? ಏನೂ ಅಲ್ಲಾಡ್ತಿಲ್ಲವಲ್ಲ" ಎನ್ನುತ್ತದೆ. ಇವರಿಬ್ಬರ ಜಗಳದಲ್ಲಿ ಬಡವಾಗುವ ಕೂಸು ಹೊಟ್ಟೆ. ದೂರದ ದಿಗಂತವನ್ನೇ ನೋಡುತ್ತಿದ್ದರೆ ಕಣ್ಣು ಕಿವಿ ರಾಜಿಯಾಗುತ್ತವೆ ಎನ್ನುವುದು ನನಗೆ ಗೊತ್ತಿತ್ತು. ಆದರೆ ಫಿನ್ನಿನ ಬಕಲ್ ದಿಗಂತದಲ್ಲಿ ಇರುವುದಿಲ್ಲವಲ್ಲ, ಬಗ್ಗಿ ಹಾಕಬೇಕು. ಬಗ್ಗಿದೆ. ಬಗ್ಗಿದವನು ಹಾಗೆಯೇ ದೋಣಿಯ ಅಂಚಿಗೆ ಹೋದೆ. ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದಾಗ ಕೊನೆಯವರೆಗೂ ಹೀಗೇ ಒದ್ದಾಡಿದನಂತೆ. ಬ್ರಿಟಿಷ್ ನೌಕಾಪಡೆಯ ನೆಲ್ಸನ್ ಕೂಡ ಇದೇ ಪೈಕಿ. ಅಂಚಿನಲ್ಲಿ ಬಗ್ಗಿ ನಿಂತವನಿಗೆ ಇಂಥ ದೊಡ್ಡವರ ಸಹವಾಸ ನೆನಪಾದರೆ ಸ್ವಲ್ಪ ಮರ್ಯಾದೆ ಉಳಿದಂತೆ ಅನಿಸುತ್ತದೆ.

ಭಾವ ಮಾತ್ರ ಮುಂಜಾಗ್ರತೆ ವಹಿಸಿದ್ದರು. ವಾಂತಿ ತಡೆಯುವ ಮಾತ್ರೆಯನ್ನು ಹೊರಡುವ ಮುಂಚೆಯೇ ನುಂಗಬೇಕು, ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಹಾಗಾಗಿ ಹೋಟೆಲಿನಲ್ಲೇ ನುಂಗಿದ್ದರು. ನನ್ನ ಸ್ಥಿತಿ ನೋಡಿ ಇರಲಿ ಎಂದು ಇನ್ನೊಂದನ್ನೂ ನುಂಗಿದರು. ಈ ಮಾತ್ರೆಗಳಿಗೆ ನಿದ್ದೆ ಬರಿಸುವ ಗುಣವೂ ಇದೆ ಎಂಬುದು ಚೀಟಿಯ ಮೇಲೆ ಸ್ಪಷ್ಟವಾಗಿಯೇ ಬರೆದಿರುತ್ತದೆ. ದೋಣಿ ಹವಳದ ದಿಬ್ಬ ತಲುಪುವಷ್ಟರಲ್ಲಿ ಅವರು ನೆರಳಿನ ಬೆಂಚಿನ ಮೇಲೆ, ಒಂದು ಕಾಲಿಗೆ ಫಿನ್ ಹಾಕಿಕೊಂಡು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. "ಪಾಪ, ರಾತ್ರಿಯೆಲ್ಲ ಇದನ್ನೇ ಯೋಚಿಸ್ತಾ ನಿದ್ದೆ ಮಾಡಿಲ್ಲ ನಮ್ಮಣ್ಣ" ಎಂದು ಹೆಂಡತಿ ಅವರ ಮುಖಕ್ಕೆ ಟವಲು ಹೊದಿಸಿದಳು.

ಗೈಡ್ ಪಾಠ ಶುರು ಮಾಡಿದ. ಮೊದಲನೆಯದು, ಮಾಸ್ಕಿನೊಳಗೆ ಉಗಿಯಿರಿ. ಎಲ್ಲೆಂದರಲ್ಲಿ ಉಗುಳಬಾರದು ಎಂದು ಮಗಳಿಗೆ ಆರು ವರ್ಷ ಹೇಳಿಕೊಟ್ಟವರು ನಾವು. ಈಗ ಅವಳು ಕಣ್ಣರಳಿಸಿ ನೋಡುತ್ತಿದ್ದ ಹಾಗೇ ದೋಣಿಯಲ್ಲಿದ್ದ ಹಿರಿಯರೆಲ್ಲ, ಟೈ ಕಟ್ಟಿಕೊಂಡು ಮೀಟಿಂಗ್ ನಡೆಸುವಂಥವರೂ ಸೇರಿ, ತಂತಮ್ಮ ಮಾಸ್ಕಿಗೆ ಗಂಭೀರವಾಗಿ ಉಗಿದು, ಬೆರಳಿನಿಂದ ಸವರಿ, ಸಮುದ್ರದ ನೀರಲ್ಲಿ ಒಮ್ಮೆ ಅದ್ದಿದರು. ಎಂಜಲು ಗಾಜಿನ ಮೇಲೆ ತೆಳು ಪದರವಾಗಿ ನಿಂತರೆ ಆವಿ ಹನಿಗಟ್ಟದೆ ಹರಡಿಕೊಳ್ಳುತ್ತದೆ, ಮಂಜು ಕವಿಯುವುದಿಲ್ಲ. ಅಂದರೆ ವಿಜ್ಞಾನ ಉಗುಳುವವರ ಕಡೆಗಿದೆ.

ಎರಡನೆಯದು, ಫಿನ್ ಹಾಕಿಕೊಂಡು ಮುಂದಕ್ಕೆ ನಡೆಯಬೇಡಿ, ಹಿಂದಕ್ಕೆ ನಡೆಯಿರಿ. ಮೂರನೆಯದು, ಗಾಬರಿಯಾದರೆ ಎದ್ದು ನಿಲ್ಲಬೇಡಿ. ಕಾಲಡಿ ಸಿಗುವುದು ಕಲ್ಲಲ್ಲ, ಪ್ರಾಣಿ, ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು ಎನ್ನುವಂಥ ಹವಳಗಳೂ ಅದರಲ್ಲಿವೆ. ನಾಲ್ಕನೆಯದು, ಮೂಗಿನಿಂದ ಉಸಿರು ಎಳೆಯಬೇಡಿ. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದೆಲ್ಲ ಅಲ್ಲಿ ನಿಷಿದ್ಧ. ಐದನೆಯದು ಕೈಸನ್ನೆ. ಆರಾಮಾಗಿದ್ದರೆ ತೋಳು ಬಗ್ಗಿಸಿ ಬೆರಳ ತುದಿಯನ್ನು ನೆತ್ತಿಗೆ ಮುಟ್ಟಿಸಬೇಕು. ಕೈ ಮೇಲೆತ್ತಿ ಬೀಸಿದರೆ ಅಪಾಯ ಎಂದರ್ಥ. ಈ ಐದನೆಯದು ನಡೆಯುತ್ತಿದ್ದಾಗ ಹೆಂಡತಿ ಮಾಸ್ಕಿನ ಪಟ್ಟಿಗೆ ಸಿಕ್ಕಿದ್ದ ತನ್ನ ಕೂದಲನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದಳು.

ನನ್ನ ಹತ್ತಿರ ಬಂದ ಗೈಡ್ ಮಾಸ್ಕನ್ನು ನೋಡಲಿಲ್ಲ, ಮೀಸೆಯನ್ನು ನೋಡಿದ. ಡಾಕ್ಟರು ಎಕ್ಸ್‌ರೇ ನೋಡುವಾಗ ಮಾಡುವ ಮುಖ ಮಾಡಿದ. ಮಾಸ್ಕಿನ ಸಿಲಿಕೋನ್ ಅಂಚು ಬಂದು ಕೂರುವುದು ಮೂಗಿನ ಕೆಳಗೆ, ಸರಿಯಾಗಿ ಮೀಸೆಯ ಜಾಗದಲ್ಲಿ. ಚರ್ಮಕ್ಕೂ ಸಿಲಿಕೋನಿಗೂ ನಡುವೆ ಒಂದೆರಡು ಕೂದಲು ಇದ್ದರೂ ಸಾಕು, ನೀರಿಗೆ ದಾರಿಯಾಯಿತು. ನನ್ನದು ಒಂದೆರಡು ಕೂದಲಿನ ಮೀಸೆಯಲ್ಲ. "ಮೂಗಿನ ಕೆಳಗೆ ಒಂದು ಪಟ್ಟಿ ತೆಗೆದುಬಿಟ್ರೆ ಸರಿಹೋಗುತ್ತೆ ಸಾರ್. ಇಲ್ಲಾಂದ್ರೆ ಇದು" ಎಂದು ವ್ಯಾಸಲೀನ್ ಡಬ್ಬಿ ಮುಂದೆ ಹಿಡಿದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು ಎಂದು ನಂಬಿದ ವಂಶ ನಮ್ಮದು. ಎರಡು ಬೆರಳಿನ ತುಂಬ ವ್ಯಾಸಲೀನ್ ತೆಗೆದು ಮೀಸೆಗೆ ಮೆತ್ತಿಕೊಂಡೆ. "ಇನ್ನೊಂದು ವಿಷ್ಯ ಸಾರ್, ನಗಬೇಡಿ. ನಕ್ಕರೆ ಕೆನ್ನೆ ಸುಕ್ಕಾಗಿ ಅಲ್ಲಿಂದಲೂ ಸೋರುತ್ತೆ" ಎಂದ. ರಜೆಯ ಮಜಾಕ್ಕೆಂದು ದುಡ್ಡು ಕೊಟ್ಟವನಿಗೆ ನಗಬೇಡ ಎಂದು ಹೇಳಿದ್ದು ಕೇಳಿ ಮಗಳು ಬಿದ್ದು ಬಿದ್ದು ನಕ್ಕಳು. ಅವಳ ಮಾಸ್ಕ್ ಸೋರಲೂ ಇಲ್ಲ.

ಏಣಿಯಲ್ಲಿ ಹಿಮ್ಮುಖವಾಗಿ ಇಳಿದು, ಲೈಫ್ ಜಾಕೆಟ್ಟಿನ ಕೃಪೆಯಿಂದ ತೇಲಿ, ಮುಖ ನೀರಿಗಿಟ್ಟೆ. ಮೊದಲ ಉಸಿರು ಮೂಗೇ ಎಳೆಯಿತು. ಒಳಗಿದ್ದ ಗಾಳಿ ಖಾಲಿಯಾಗಿ ಮಾಸ್ಕ್ ಮುಖವನ್ನೇ ಕಚ್ಚಿ ಹಿಡಿಯಿತು, ಕಣ್ಣುಗುಡ್ಡೆ ಅರ್ಧ ಇಂಚು ಮುಂದೆ ಬಂದ ಹಾಗಾಯಿತು. ಎರಡನೆಯ ಉಸಿರನ್ನು ಬಾಯಿ ಎಳೆಯಿತು. ಅಷ್ಟರಲ್ಲಿ ಒಂದು ಅಲೆ ಕೊಳವೆಯೊಳಗೆ ಇಣುಕಿತು. ಕೊಳವೆ ಇನ್ನೂ ಉದ್ದ ಮಾಡಬಾರದಿತ್ತೇ ಎಂದು ಕೆಮ್ಮುತ್ತಾ ಗೈಡನ್ನು ಕೇಳಿದೆ. ಆಗದಂತೆ. ಕೊಳವೆ ಉದ್ದವಾದಷ್ಟೂ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತೇವೆ. ಆಳಕ್ಕೆ ಹೋದಷ್ಟೂ ನೀರು ಎದೆಯನ್ನು ಅದುಮುತ್ತದೆ, ಒಂದು ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 100 ಗ್ರಾಂ ಭಾರ. ಅಷ್ಟನ್ನು ತಳ್ಳಿ ಎದೆ ಹಿಗ್ಗಿಸುವುದು ಮನುಷ್ಯನಿಂದ ಆಗುವ ಕೆಲಸವಲ್ಲ.

ಆನೆಯಿಂದ ಆಗುತ್ತದೆ. ಮೈಯೆಲ್ಲ ಮುಳುಗಿಸಿ ಸೊಂಡಿಲು ಮಾತ್ರ ಮೇಲೆತ್ತಿ ಅದು ಆರಾಮಾಗಿ ನದಿ ದಾಟುತ್ತದೆ. ಅದರ ಶ್ವಾಸಕೋಶ ಎದೆಗೂಡಿನ ಗೋಡೆಗೇ ಅಂಟಿಕೊಂಡಿರುವುದರಿಂದ ಆ ಒತ್ತಡ ತಡೆಯುತ್ತದಂತೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಅರಿಸ್ಟಾಟಲ್, ಮುಳುಗುಗಾರರು ಬಳಸುವ ಉಸಿರಾಟದ ಸಾಧನಕ್ಕೆ ಆನೆಯ ಸೊಂಡಿಲನ್ನು ಹೋಲಿಸಿ ಬರೆದಿದ್ದಾನೆ. ಎಲ್ಲ ಸರಿ, ಆದರೆ ಆನೆ ಉಸಿರಾಡುವುದು ಮೂಗಿನಿಂದ! ಇದನ್ನು ಗೈಡಿಗೆ ಹೇಳಬೇಕೆಂದುಕೊಂಡೆ. ಬಾಯಿಯಲ್ಲಿ ಕೊಳವೆ ಇತ್ತು.

ವ್ಯಾಸಲೀನ್ ಒಂದಷ್ಟು ಹೊತ್ತು ಕಾಪಾಡಿತು. ಆಮೇಲೆ ಮೀಸೆಯ ಎಡಗಡೆಯಿಂದ ತಣ್ಣನೆಯ ಗೆರೆಯೊಂದು ಒಳಬಂದು ಮೂಗಿನ ಕೆಳಗೆ ಕೊಳ ಕಟ್ಟಿತು. ಮಾಸ್ಕಿನ ಮೇಲ್ಭಾಗ ಒತ್ತಿ ಮೂಗಿನಿಂದ ಜೋರಾಗಿ ಉಸಿರು ಬಿಟ್ಟರೆ ನೀರು ಕೆಳಗಿನಿಂದ ಹೊರಹೋಗುತ್ತದೆ ಎಂದು ಕಲಿಸಿದ್ದರು. ಹೋಗುತ್ತದೆ, ಅದೇ ಮೀಸೆಯ ದಾರಿಯಿಂದ. ಹೋದಷ್ಟೇ ನೀರು ಅದೇ ದಾರಿಯಿಂದ ವಾಪಸ್ಸು ಬರುತ್ತದೆ. ಇದರ ಮೇಲೆ ನನ್ನ ಕನ್ನಡಕ ದೋಣಿಯಲ್ಲಿತ್ತು. ನೀರೊಳಗೆ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿಯೂ ಕಾಲು ಪಾಲು ಹತ್ತಿರದಲ್ಲೂ ಕಾಣುತ್ತದೆ. ಕನ್ನಡಕವಿಲ್ಲದವನಿಗೆ ಮಸುಕು ಕೂಡ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಕಪ್ಪಗೆ ಉದ್ದಕ್ಕೆ ಏನೋ ಬಂದು ಕಾಲಿಗೆ ಬಡಿದಾಗ ನಾನು ಮನಸ್ಸಿನಲ್ಲೇ ಕುಟುಂಬಕ್ಕೆ ವಿದಾಯ ಹೇಳಿಯಾಗಿತ್ತು. ಅದು ಸಹಪ್ರಯಾಣಿಕರೊಬ್ಬರ ಫಿನ್.

ಸ್ವಲ್ಪ ಸುಧಾರಿಸಿಕೊಳ್ಳೋಣ ಎಂದು ದೋಣಿ ಹತ್ತಿ ಕನ್ನಡಕ ಹಾಕಿಕೊಂಡೆ. ಆಗ ಕಂಡಳು ಹೆಂಡತಿ, ದೂರದಲ್ಲಿ, ನಿಜಕ್ಕೂ ಕರಪತ್ರದ ಹುಡುಗಿಯ ಹಾಗೆ ನಿಶ್ಚಿಂತೆಯಿಂದ ತೇಲುತ್ತಾ. ಫೋಟೋ ತೆಗೆಯೋಣವೆಂದು ಫೋನ್ ಎತ್ತಿದೆ. ಅವಳು ಖುಷಿಯಿಂದ ಕೈ ಮೇಲೆತ್ತಿ ಬೀಸಿದಳು. ಮರುಕ್ಷಣ ಶಿಳ್ಳೆ ಊದಿತು, ಗೈಡ್ ನೀರಿಗೆ ಹಾರಿದ, ಇನ್ನೊಬ್ಬ ಹಗ್ಗ ಕಟ್ಟಿದ ತೇಲುಬಳೆ ಎಸೆದ. "ನಂಗೇನೂ ಆಗಿಲ್ಲ! ಬಿಡಪ್ಪಾ!" ಎಂದು ಅವಳು ಕೂಗಿದಷ್ಟೂ ಅವನು ಇನ್ನಷ್ಟು ಬಿಗಿಯಾಗಿ ಹಿಡಿದ. ಗಾಬರಿಯಾದವರೆಲ್ಲ ಹಾಗೇ ಹೇಳುವುದು ಎಂದು ಅವನಿಗೆ ತರಬೇತಿಯಲ್ಲಿ ಕಲಿಸಿರಬೇಕು. ದೋಣಿಯ ಮೇಲೆ ಅವಳಿಗೆ ಟವಲು ಸುತ್ತಿ, ನೀರು ಕುಡಿಸಿ, ಇದು ಯಾವ ವಾರ ಎಂದು ಕೇಳಿದರು. ನನ್ನ ಕಡೆ ತಿರುಗಿ, "ನೀವಾದ್ರೂ ಹೇಳಬಾರದಿತ್ತೇನ್ರೀ?" ಎಂದಳು. ನಾನು ವಿಡಿಯೋ ಮಾಡುತ್ತಿದ್ದೆ. ಆ ವಿಡಿಯೋ ಈಗ ಫೋನಿನಲ್ಲಿಲ್ಲ.

ಮಗಳು ಬಂದು ಕೈ ಹಿಡಿದೆಳೆದಳು. "ಅಪ್ಪಾ, ಬಾ, ಗಿಳಿಮೀನು ತೋರಿಸ್ತೀನಿ. ಕೊಳವೆ ಬೇಡ, ಉಸಿರು ಕಟ್ಟಿ ಸುಮ್ನೆ ಮುಖ ಇಡು. ಸದ್ದು ಮಾಡ್ಬೇಡ." ಇಟ್ಟೆ. ಮೊದಲು ಕೇಳಿಸಿದ್ದು ಸದ್ದು, ಹತ್ತಿರದಲ್ಲೇ ಯಾರೋ ಸ್ಲೇಟು ಕೆರೆಯುತ್ತಿರುವಂಥ ಕರಕರ. ಕೈಗೆ ಸಿಗುವಷ್ಟು ಹತ್ತಿರ ಬಂದಿದ್ದರಿಂದ ನನ್ನ ಮಸುಕುಗಣ್ಣಿಗೂ ಕಂಡಿತು. ಹಸಿರು ನೀಲಿ ಮೈ, ಅಂಚಿನಲ್ಲಿ ಗುಲಾಬಿ, ಹಲ್ಲುಗಳೆಲ್ಲ ಕೂಡಿ ಆದ ಕೊಕ್ಕು. ಹವಳದ ಬಂಡೆಗೆ ಕೊಕ್ಕು ಹಾಕಿ ಕೆರೆಯಿತು, ತಲೆ ಹಿಂದೆಗೆಯಿತು, ಕೆರೆದ ಜಾಗದಲ್ಲಿ ಎರಡು ಬಿಳಿ ಗೀರು ಉಳಿದವು. ನಾಲ್ಕು ಮೊಳ ಆಚೆ ಹೋಗಿ ಬಾಲದ ಬಳಿಯಿಂದ ಬಿಳಿ ಪುಡಿಯ ಸಣ್ಣ ಮೋಡವೊಂದನ್ನು ಬಿಟ್ಟು, ತನಗೂ ಅದಕ್ಕೂ ಸಂಬಂಧವಿಲ್ಲದ ಹಾಗೆ ಮುಂದೆ ಹೋಯಿತು. ದೊಡ್ಡ ಗಿಳಿಮೀನೊಂದು ವರ್ಷಕ್ಕೆ ಹೀಗೆ ನೂರಾರು ಕಿಲೋ ಮರಳು ಮಾಡುತ್ತದೆ. ಹವಳದ ಎಷ್ಟೋ ಕಡಲ ತೀರಗಳಲ್ಲಿ ಹೊಸ ಜೋಡಿಗಳು ಹೃದಯದ ಚಿತ್ರ ಬಿಡಿಸಿ ಹೆಸರು ಬರೆಯುವ ಬಿಳಿ ಮರಳಿನಲ್ಲಿ ಬಹುಪಾಲು ಈ ಮೀನಿನ ಹೊಟ್ಟೆಯಿಂದ ಬಂದದ್ದೇ. ನನಗೆ ನಗು ಬಂತು. ಮಾಸ್ಕ್ ತುಂಬಿತು.

ದೋಣಿ ದಡ ಮುಟ್ಟಿ ಎಂಜಿನ್ ನಿಂತಾಗ ಭಾವ ಎದ್ದರು. ಒಂಟಿ ಫಿನ್ನಿನಲ್ಲೇ ಎದ್ದು ನಿಂತು, "ಏನ್ ಭಾವ, ಬಂದ್ವಾ?" ಎಂದರು. ಬಂದಿದ್ದೇವೆ, ಹೋಗಿಯೂ ಬಂದಿದ್ದೇವೆ ಎಂದು ಹೇಳಲು ಹೆಂಡತಿ ಬಿಡಲಿಲ್ಲ.

ಸಂಜೆ ಹೋಟೆಲಿನ ಲಾಬಿಯಲ್ಲಿ ಅವರು ಹೊಸದಾಗಿ ಬಂದಿದ್ದ ಒಂದು ಕುಟುಂಬಕ್ಕೆ ಹವಳದ ಲೋಕ ವರ್ಣಿಸುತ್ತಿದ್ದರು. ನೀರು ಎಷ್ಟು ತಿಳಿ, ಮೀನು ಎಷ್ಟು ಬಣ್ಣ, ಮಾಸ್ಕ್ ಹೇಗೆ ಹಾಕಿಕೊಳ್ಳಬೇಕು. ಒಂದು ತಪ್ಪೂ ಇರಲಿಲ್ಲ. ಡಾರ್ವಿನ್ನನಿಗೂ ಹವಳದ ದಿಬ್ಬಗಳು ಹೇಗಾಗುತ್ತವೆ ಎಂಬ ಸಿದ್ಧಾಂತ ಹೊಳೆದದ್ದು ಅವನ್ನು ಕಣ್ಣಾರೆ ನೋಡುವ ಮೊದಲೇ. 1842ರಲ್ಲಿ ಅದನ್ನು ಪುಸ್ತಕವಾಗಿಯೂ ತಂದ, ಮುಖ್ಯ ವಾದ ಸರಿಯೂ ಇತ್ತು. ಹಾಗಾಗಿ ನಾನು ಬಾಯಿ ಹಾಕಲಿಲ್ಲ. ಹಾಕುವ ಸ್ಥಿತಿಯಲ್ಲೂ ಇರಲಿಲ್ಲ. ಮಾಸ್ಕಿನ ಕೆಂಪು ಗೆರೆ ಹಣೆಯಿಂದ ಮೇಲ್ತುಟಿಯವರೆಗೆ ಹಾಗೇ ಅಚ್ಚೊತ್ತಿತ್ತು. ಬೆನ್ನನ್ನು ಟೀ ಶರ್ಟು ಕಾಪಾಡಿತ್ತು. ಮುಖ ಕೆಳಗಾಗಿ ತೇಲಿದಷ್ಟು ಹೊತ್ತೂ ಸೂರ್ಯನಿಗೆ ಸಿಕ್ಕಿದ್ದು ಮೀನಖಂಡ ಮತ್ತು ಮೊಣಕಾಲಿನ ಹಿಂದಿನ ಮಡಿಕೆ. ನೀರು ತಣ್ಣಗಿರುವುದರಿಂದ ಸುಡುವುದು ಗೊತ್ತೂ ಆಗುವುದಿಲ್ಲ. ಈಗ ಮಂಡಿ ಮಡಿಸುವ ಹಾಗಿರಲಿಲ್ಲ. ಕುರ್ಚಿಯಲ್ಲಿ ಕೂರಲು ಎರಡೂ ಕಾಲು ಮುಂದಕ್ಕೆ ಚಾಚಿ, ಹಿಂದಕ್ಕೆ ಬೀಳಬೇಕಾಗಿತ್ತು.

ರೂಮಿನಲ್ಲಿ ಬೋರಲು ಮಲಗಿ ಕಾಲಿಗೆ ಒದ್ದೆ ಟವಲು ಹಾಕಿಕೊಂಡಿದ್ದಾಗ ಭಾವ ಬಂದರು. ನಾಳೆಗೆ ಪೂರ್ತಿ ದಿನದ ಟ್ರಿಪ್ಪಿಗೆ ಎಲ್ಲರ ಹೆಸರನ್ನೂ ಬರೆಸಿ ಬಂದಿದ್ದರಂತೆ. "ಇವತ್ತು ನಿಮಗೆ ಸರಿಯಾಗಿ ಎಂಜಾಯ್ ಮಾಡೋಕೆ ಆಗ್ಲಿಲ್ಲ ಭಾವ, ಅದಕ್ಕೇ" ಎಂದರು. ಅವರ ಹಿಂದೆಯೇ ಮಗಳು ಬಾತ್‌ರೂಮಿನಿಂದ ಹೋಟೆಲಿನವರು ಇಟ್ಟಿದ್ದ ಪುಟ್ಟ ರೇಜರ್ ಹಿಡಿದುಕೊಂಡು ಬಂದು ದಿಂಬಿನ ಪಕ್ಕ ಇಟ್ಟಳು. ನಾನು ಹೆಂಡತಿಯ ಮುಖ ನೋಡಿದೆ.

"ಮೀಸೆ ಮತ್ತೆ ಬರುತ್ತೆ ರೀ" ಎಂದಳು ಅವಳು. "ಅಡ್ವಾನ್ಸ್ ವಾಪಸ್ ಬರಲ್ಲ."