ದೊಡ್ಡವ್ವನ ಹೆಬ್ಬೆಟ್ಟು

ನಮ್ಮ ದೊಡ್ಡವ್ವ ಸಹಿ ಹಾಕೋದು ಕಲಿತಿದ್ದು ಐವತ್ತು ದಾಟಿದ ಮೇಲೆ. ಪಾಂಡವಪುರದ ಹತ್ತಿರದ ಹಳ್ಳಿ. ಬ್ಯಾಂಕಿನಲ್ಲಿ ಯಾರೋ "ಏನಮ್ಮ, ಹೆಬ್ಬೆಟ್ಟಾ?" ಅಂದಿದ್ದರು. ಅದು ಮನಸ್ಸಿಗೆ ನಾಟಿತ್ತು. ಮೊಮ್ಮಗಳ ಸ್ಲೇಟಿನ ಮೇಲೆ ತಿದ್ದಿ ತಿದ್ದಿ 'ಕೆಂಪಮ್ಮ' ಅಂತ ಬರೆಯೋದು ಕಲಿತಳು. ಮ ಅಕ್ಷರದ ಒತ್ತು ಈಗಲೂ ಸಾಲು ಬಿಟ್ಟು ಕೆಳಗೆ ಓಡುತ್ತದೆ.

ಈಗ ಆ ಸಹಿಯನ್ನು ಯಾರೂ ಕೇಳೋದಿಲ್ಲ. ಊರಿನ ಅಂಗಡಿಯಲ್ಲೇ ಚಿಕ್ಕ ಮೆಷಿನ್ ಇದೆ. ಬೆರಳು ಒತ್ತಿದರೆ ದುಡ್ಡು.

ಹೋದ ವರ್ಷ ಪಾಸ್‌ಬುಕ್ ಎಂಟ್ರಿ ಮಾಡಿಸೋಕೆ ಹೋದಾಗ ನೋಡಿದರೆ ಹತ್ತತ್ತು ಸಾವಿರದ ಎರಡು ವಿತ್‌ಡ್ರಾ. ಗೃಹಲಕ್ಷ್ಮಿಯ ಎರಡೆರಡು ಸಾವಿರವನ್ನು ಮುಟ್ಟದೆ ಹತ್ತು ತಿಂಗಳು ಕೂಡಿಟ್ಟಿದ್ದಳು. ಎಸ್‌ಎಂಎಸ್ ಬಂದಿಲ್ವಾ ಅಂದರೆ, ಬ್ಯಾಂಕಿನಲ್ಲಿ ಇದ್ದದ್ದು ಯಾವತ್ತೋ ನಿಂತುಹೋದ ನಂಬರು. ಕೌಂಟರಿನಲ್ಲಿದ್ದವರು ಕಂಪ್ಯೂಟರಿನಿಂದ ತಲೆ ಎತ್ತದೆ, "ನಿಮ್ಮ ಬೆರಳೇ ಮ್ಯಾಚ್ ಆಗಿದೆಯಲ್ಲಮ್ಮ" ಅಂದರು.

ನನಗೆ ಸಿಟ್ಟು ಬಂದಿದ್ದು ಈ ಮಾತಿಗೆ. ಬೆರಳು ಮ್ಯಾಚ್ ಆದ ಮಾತ್ರಕ್ಕೆ ಬಂದವಳು ಅವಳೇನಾ?

ಆಧಾರ್ ಮೂಲಕ ದುಡ್ಡು ತೆಗೆಯೋ ಈ ಎಇಪಿಎಸ್‌ನಲ್ಲಿ ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು, ಇಷ್ಟಿದ್ದರೆ ಸಾಕು. ಪಿನ್ ಇಲ್ಲ, ಒಟಿಪಿ ಇಲ್ಲ. ಆಧಾರ್ ನಂಬರಿನ ಜೆರಾಕ್ಸ್ ನಾವು ಸಿಮ್ ಅಂಗಡಿಯಿಂದ ಲಾಡ್ಜಿನವರೆಗೆ ಹಂಚಿದ್ದೇವೆ. ಬೆರಳಚ್ಚು? ಜಮೀನು ಪಾಲು ಮಾಡಿಕೊಂಡಾಗ ರಿಜಿಸ್ಟರ್ ಪತ್ರದ ಮೇಲೆ ಒತ್ತಿರುತ್ತೇವಲ್ಲ. ಅಂಥ ಪತ್ರಗಳ ಕಾಪಿಯಿಂದ ಗೆರೆ ಎತ್ತಿ ಸಿಲಿಕಾನ್ ಬೆರಳು ಮಾಡಿದ ಕೇಸುಗಳು ದೇಶದ ಹಲವು ಕಡೆ ಸಿಕ್ಕಿವೆ. 2023ರಲ್ಲಿ ನಮ್ಮ ರಾಜ್ಯದಲ್ಲೇ ಇಂಥ ದೂರುಗಳು ಬಂದವು. ಇದೇನು ಹೊಸ ವಿದ್ಯೆಯೂ ಅಲ್ಲ. ಜಪಾನಿನ ಪ್ರೊಫೆಸರ್ ತ್ಸುತೊಮು ಮತ್ಸುಮೊಟೊ 2002ರಲ್ಲೇ ಅಡುಗೆಮನೆಯ ಜೆಲಟಿನ್‌ನಿಂದ ಬೆರಳು ಮಾಡಿ ಮೆಷಿನ್‌ಗಳಿಗೆ ಟೋಪಿ ಹಾಕಿ ತೋರಿಸಿದ್ದರು. ನಮ್ಮ ಆಧಾರ್‌ನವರು ಒತ್ತಿದ ಬೆರಳಿಗೆ ಜೀವ ಇದೆಯಾ ಅಂತ ನೋಡೋ ಹೊಸ ತಪಾಸಣೆ ತಂದಿದ್ದು 2023ರಲ್ಲಿ. ಒಳ್ಳೇದೇ. ಆದರೂ ಬೀಗ ಒಂದೇ.

ಪಿನ್ ಕದ್ದರೆ ಬದಲಾಯಿಸಬಹುದು. ಹೆಬ್ಬೆಟ್ಟು ಬದಲಾಯಿಸೋಕೆ ಆಗುತ್ತಾ? ಮುಟ್ಟಿದ ಲೋಟದ ಮೇಲೂ ಉಳಿಯುವ ಗುರುತನ್ನು ಗುಟ್ಟು ಅಂತ ಹೇಗೆ ನಂಬೋದು? ನನ್ನ ಪ್ರಕಾರ ಬೆರಳು ಹೆಸರಿನ ಹಾಗೆ. ಯಾರು ಅಂತ ಹೇಳೋಕೆ ಸರಿ. ತಿಜೋರಿ ತೆಗೆಯೋಕೆ ಇನ್ನೊಂದು ಕೀಲಿ ಬೇಕೇ ಬೇಕು, ನಾಲ್ಕಂಕಿಯ ಪಿನ್ನಾದರೂ ಸರಿ. ಎಟಿಎಂ ಪಿನ್ ನೆನಪಿಟ್ಟುಕೊಳ್ಳುವ ಎಷ್ಟು ಹೆಂಗಸರು ನಮ್ಮೂರಲ್ಲಿಲ್ಲ!

ಫೋನಿನಲ್ಲಿ ಬೆರಳಿಟ್ಟು ಬ್ಯಾಂಕ್ ಆಪ್ ತೆಗೀತೀವಲ್ಲ, ಅದರ ಮೇಲೆ ನನಗೆ ಇಷ್ಟು ತಕರಾರಿಲ್ಲ. ಅಲ್ಲಿ ಬೆರಳಿನ ಗುರುತು ಫೋನಿನೊಳಗೇ ಇರುತ್ತದೆ. ಕಳ್ಳ ಫೋನನ್ನೂ ಕದಿಯಬೇಕು.

ತಮಾಷೆ ಏನು ಗೊತ್ತಾ? ರೇಷನ್ ಅಂಗಡಿಯಲ್ಲಿ ದೊಡ್ಡವ್ವನ ಬೆರಳು ಒಂದೇ ಸಲಕ್ಕೆ ತಗೊಂಡಿದ್ದೇ ಇಲ್ಲ. ಕಬ್ಬಿನ ಗರಿ ಸುಲಿದು, ಬೂದಿ ಹಾಕಿ ಪಾತ್ರೆ ತಿಕ್ಕಿ ಗೆರೆಯೆಲ್ಲ ಸವೆದಿದೆ. ಸೆರಗಿಗೆ ಒರೆಸುತ್ತಾಳೆ. "ತಲೆಗೆ ಉಜ್ಜಿ ಒತ್ತಜ್ಜಿ, ಎಣ್ಣೆ ಹಿಡೀಲಿ" ಅಂತಾನೆ ಅಂಗಡಿ ಹುಡುಗ. ನಾಲ್ಕನೇ ಸಲಕ್ಕೆ ಹಸಿರು ಲೈಟು. "ಕಳ್ಳನ ಕೈಗೆ ಒಗ್ಗಿದ್ದು ನನ್ನ ಕೈಗೇ ಒಗ್ಗಾಕಿಲ್ವಲ್ಲ ಮಗ" ಅಂದಳು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆವು, ಬ್ಯಾಂಕಿಗೂ ಬರೆದುಕೊಟ್ಟೆವು. ತಪ್ಪು ಗ್ರಾಹಕರದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ ಅಂದಾಗ, ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟರೆ ನಷ್ಟ ಗ್ರಾಹಕರ ಮೇಲೆ ಬೀಳಬಾರದು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಸುತ್ತೋಲೆ ಹೊರಡಿಸಿತ್ತು. ಸುದ್ದಿಯೇ ಬರದವರ ಲೆಕ್ಕ ಯಾವತ್ತಿನಿಂದ? ಇದಕ್ಕೇ ಇನ್ನೂ ಓಡಾಡುತ್ತಿದ್ದೇವೆ.

ಸದ್ಯಕ್ಕೆ ಆಧಾರ್‌ನವರ ಆಪ್‌ನಲ್ಲಿ ಅವಳ ಬಯೋಮೆಟ್ರಿಕ್ ಲಾಕ್ ಮಾಡಿದ್ದೇನೆ. ನಿಮ್ಮ ಮನೆಯ ಹಿರಿಯರದ್ದೂ ಮಾಡಿಬಿಡಿ, ದುಡ್ಡು ಕೊಡಬೇಕಾಗಿಲ್ಲ. ಆಧಾರ್‌ಗೆ ಚಾಲ್ತಿಯಲ್ಲಿರೋ ಮೊಬೈಲ್ ನಂಬರ್ ಇರಬೇಕು ಅಷ್ಟೇ. ಒಂದೇ ತೊಂದರೆ, ಲಾಕ್ ಆದರೆ ರೇಷನ್ ಮೆಷಿನ್ನಿಗೂ ಬೆರಳು ನಡೆಯೋಲ್ಲ. ಹಾಗಾಗಿ ತಿಂಗಳಿಗೊಮ್ಮೆ ನಾನು ಮೈಸೂರಿನ ಆಫೀಸಿನಲ್ಲಿ ಕೂತಿರುವಾಗ ಫೋನ್ ಬರುತ್ತದೆ. ಹಿಂದೆ ಕ್ಯೂನಲ್ಲಿರೋರ ಗಲಾಟೆ, ಮುಂದೆ ದೊಡ್ಡವ್ವ: "ಮಗ, ಬೀಗ ತೆಗಿ, ಜನ ಬೈತಾವ್ರೆ."